ಕತ್ತಾಳೆಯ ಮದ್ಯ, ಪುನರ್ಪುಳಿಯ ಹುಳಿ

ಕತ್ತಾಳೆಯನ್ನು ಕಾಣದ ಕನ್ನಡಿಗನಿಲ್ಲ. ಬಯಲುಸೀಮೆಯ ಹೊಲದ ಬದುವಿನ ಮೇಲೆ, ರೈಲುದಾರಿಯ ಪಕ್ಕದಲ್ಲಿ, ದನಕರು ನುಗ್ಗದಂತೆ ಹಾಕಿದ ಬೇಲಿಯಲ್ಲಿ, ಕತ್ತಿಯಂತಹ ಎಲೆಗಳನ್ನು ನಾಲ್ದೆಸೆಗೂ ಚಾಚಿ ಕುಳಿತಿರುವ ಈ ಗಿಡವನ್ನು ನಮ್ಮವರು ಭೂತಾಳೆ ಎಂದು ಕರೆದರು. ಅದರ ನಾರನ್ನು ತೆಗೆದು ಹಗ್ಗ ಹೊಸೆದರು. ಅಲ್ಲಿಗೆ ಅದರ ಉಪಯೋಗ ಮುಗಿಯಿತೆಂದು ತಿಳಿದರು. ಆ ಗಿಡದ ಹೊಟ್ಟೆಯಲ್ಲಿ ಸಕ್ಕರೆಯಿದೆ, ಸಕ್ಕರೆಯಿಂದ ಮದ್ಯವಾಗುತ್ತದೆ ಎಂಬುದು ಮಾತ್ರ ಇಲ್ಲಿ ಯಾರ ಲೆಕ್ಕದಲ್ಲೂ ಇರಲಿಲ್ಲ. ಇಂದು ಮಣಿಪಾಲದ ಬಹುಮಹಡಿ ಮನೆಗಳಲ್ಲಿಯೂ ಉಡುಪಿಯ ಹೊಸ ಬಡಾವಣೆಗಳಲ್ಲಿಯೂ ಕತ್ತಾಳೆಯ ಮದ್ಯದ ಶೀಸೆ ಅಪರೂಪವಲ್ಲ. ಹೊರದೇಶದಿಂದ ರಜೆಗೆ ಬಂದ ಮಗನ ಪೆಟ್ಟಿಗೆಯಲ್ಲಿ ಬಂದದ್ದುಂಟು, ಗೋವೆಗೆ ಹೋದ ಅಳಿಯ ತಂದದ್ದುಂಟು. ತಂದವರು ಮಾಡುವುದೇನು? ಉಪ್ಪು ನೆಕ್ಕಿ, ಒಂದೇ ಗುಟುಕಿಗೆ ನುಂಗಿ, ನಿಂಬೆಯ ಹೋಳನ್ನು ಕಚ್ಚಿ, ಮುಖ ಸಿಂಡರಿಸುವುದು. ಏಳೆಂಟು ವರ್ಷ ಬಿಸಿಲು ಕುಡಿದು ಬೆಳೆದ ಗಿಡಕ್ಕೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಗಿಡದ ಗುರುತು ಮೊದಲು ಸರಿಯಾಗಿರಲಿ. ಕರಾವಳಿಯ ಮಂದಿಗೆ ಇದು ಮುಂಡುಕದಂತೆ ಕಾಣುತ್ತದೆ. ಮುಂಡುಕದ ಓಲೆಯಲ್ಲಿ ಚಾಪೆ ನೇಯುವುದೂ ಕಡುಬಿನ ಮೂಡೆ ಕಟ್ಟುವುದೂ ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಪೇಟೆಯ ಮಂದಿ ಇದನ್ನು ಲೋಳೆಸರವೆಂದು ಭ್ರಮಿಸುತ್ತಾರೆ. ಮೂರೂ ಬೇರೆ ಬೇರೆ. ಕತ್ತಾಳೆಯ ತವರು ಮೆಕ್ಸಿಕೋ. ಹಲವು ವರ್ಷ ಸುಮ್ಮನಿದ್ದು, ಒಂದು ದಿನ ನಡುವಿನಿಂದ ಕಂಬದಂತಹ ಹೂಗೊಂಚಲನ್ನು ಎತ್ತಿ, ಒಮ್ಮೆಯೇ ಹೂಬಿಟ್ಟು ಸತ್ತುಹೋಗುವ ಗಿಡ ಅದು. ಆ ಹೂವಿಗಾಗಿ ಕೂಡಿಟ್ಟ ಗಂಟನ್ನು ಹೂ ಬರುವ ಮುಂಚೆಯೇ ಮನುಷ್ಯ ಅಪಹರಿಸುತ್ತಾನೆ ಎನ್ನುವುದೇ ಈ ಮದ್ಯದ ಕಥೆ. ಎಲೆಗಳನ್ನೆಲ್ಲ ಕಡಿದುಹಾಕಿದರೆ ಉಳಿಯುವ ಗಡ್ಡೆ ದೊಡ್ಡ ಅನಾನಸಿನಂತಿರುತ್ತದೆ. ಮೆಕ್ಸಿಕೋದವರು ಅದನ್ನು ಅನಾನಸು ಎಂದೇ ತಮ್ಮ ಭಾಷೆಯಲ್ಲಿ ಕರೆಯುತ್ತಾರೆ. ಅದರೊಳಗಿನ ಸಕ್ಕರೆ ಹಣ್ಣಿನ ಸಕ್ಕರೆಯಂತೆ ಬಿಡಿಯಾಗಿಲ್ಲ, ಉದ್ದನೆಯ ಸರಪಳಿಯಾಗಿ ಹೆಣೆದುಕೊಂಡಿರುತ್ತದೆ. ಹಸಿಯಾಗಿ ಹಿಂಡಿದರೆ ಹುಳಿಯುವುದು ಕಷ್ಟ. ಆದ್ದರಿಂದ ಗಡ್ಡೆಯನ್ನು ಗಂಟೆಗಟ್ಟಲೆ, ಕೆಲವೆಡೆ ದಿನಗಟ್ಟಲೆ ಬೇಯಿಸಿ ಸರಪಳಿಯನ್ನು ಮುರಿದು, ಆಮೇಲೆ ರಸ ಹಿಂಡಿ, ಹುಳಿಸಿ, ಭಟ್ಟಿಯಿಳಿಸುತ್ತಾರೆ. ಹಬೆಯಲ್ಲಿ ಬೆಂದದ್ದಕ್ಕೆ ಒಂದು ರುಚಿ. ನೆಲದ ಗುಂಡಿಯಲ್ಲಿ ಸೌದೆಯ ಕೆಂಡದ ಮೇಲೆ ಬೆಂದದ್ದಕ್ಕೆ ಹೊಗೆಯ ವಾಸನೆ ಕೂಡಿದ ಬೇರೊಂದು ರುಚಿ.

ಹೆಸರಿನ ವಿಷಯದಲ್ಲಿ ಮೆಕ್ಸಿಕೋದವರು ಬಹು ಬಿಗಿ. ಟಕೀಲಾ ಎಂಬುದು ಅಲ್ಲಿನ ಹಾಲಿಸ್ಕೋ ರಾಜ್ಯದ ಒಂದು ಊರು. ನೀಲಿ ಕತ್ತಾಳೆ ಎಂಬ ಒಂದೇ ತಳಿಯಿಂದ, ಗೊತ್ತುಪಡಿಸಿದ ಪ್ರದೇಶದಲ್ಲಿ ತಯಾರಾದುದಕ್ಕೆ ಮಾತ್ರ ಆ ಹೆಸರು ಸಲ್ಲತಕ್ಕದ್ದೆಂದು 1974ರಲ್ಲಿ ಅವರ ಸರ್ಕಾರ ಘೋಷಿಸಿತು. ಅದರಲ್ಲಿಯೂ ಎರಡು ದರ್ಜೆಗಳುಂಟು: ಪೂರಾ ಕತ್ತಾಳೆಯ ಸಕ್ಕರೆಯಿಂದಾದದ್ದು ಒಂದು, ನೂರಕ್ಕೆ 51 ಪಾಲು ಮಾತ್ರ ಕತ್ತಾಳೆಯದಾಗಿ ಉಳಿದದ್ದು ಬೇರೆ ಸಕ್ಕರೆಯದಾಗಿರುವುದು ಇನ್ನೊಂದು. ಶೀಸೆಯ ಚೀಟಿಯನ್ನು ಓದದೆ ಕೊಂಡವರು ಎರಡನೆಯದನ್ನು ಮೊದಲನೆಯದರ ಬೆಲೆಗೆ ಕೊಂಡಾರು. ನಮ್ಮ ದೇಶದಲ್ಲಿಯೂ ಈ ಉದ್ಯೋಗ ತಲೆಯೆತ್ತಿದೆ. ದಖ್ಖಣದ ಒಣನೆಲದಲ್ಲಿ ತಾನಾಗಿ ಬೆಳೆದ ಕತ್ತಾಳೆಯನ್ನು ಕಂಡು ಡೆಸ್ಮಂಡ್ ನಜರೆತ್ ಎಂಬವರು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಭಟ್ಟಿಯನ್ನು ಕಟ್ಟಿ, 2011ರಲ್ಲಿ ತಮ್ಮ ಮದ್ಯವನ್ನು ಗೋವೆಯಲ್ಲಿ ಮಾರಾಟಕ್ಕೆ ತಂದರು. ನಮ್ಮ ಕೋಲಾರದ ಗಡಿಯಾಚೆಯ ಬೇಲಿಗಿಡವೇ ಅದು. ಅದನ್ನು ಟಕೀಲಾ ಎನ್ನುವಂತಿಲ್ಲ. ಕತ್ತಾಳೆಯ ಮದ್ಯವೆಂದರೆ ಮಾನಕ್ಕೇನೂ ಕುಂದಿಲ್ಲ.

ಬೇಲಿಯಲ್ಲಿ ಗಿಡವಿದೆ, ಮನೆಯಲ್ಲಿ ಕುಕ್ಕರಿದೆ, ನಾವೇ ಏಕೆ ಇಳಿಸಬಾರದು ಎಂದು ಕೇಳುವ ಉತ್ಸಾಹಿಗಳು ಪ್ರತಿ ಊರಿನಲ್ಲಿಯೂ ಇರುತ್ತಾರೆ. ಕೂಡದು. ಪರವಾನಗಿಯಿಲ್ಲದೆ ಭಟ್ಟಿಯಿಳಿಸುವುದು ಅಪರಾಧವೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು ಬೇರೆಯಿದೆ. ಕತ್ತಾಳೆಯ ನಾರಿನಲ್ಲಿರುವ ಪೆಕ್ಟಿನ್ನಿನಿಂದ ಹುಳಿಯುವಾಗ ಮಿಥನಾಲ್ ಹುಟ್ಟುತ್ತದೆ. ಬಲ್ಲವರ ಭಟ್ಟಿಯಲ್ಲಿ ಅದನ್ನು ಅಳೆದು ಮಿತಿಯೊಳಗಿಡುತ್ತಾರೆ. ಅಡಿಗೆಮನೆಯಲ್ಲಿ ಅಳೆಯುವ ಉಪಾಯವಿಲ್ಲ, ಮೂಗಿಗೆ ನಾಲಗೆಗೆ ಅದು ತಿಳಿಯುವುದೂ ಇಲ್ಲ. ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಸ್ತು ಅದು. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ಮರೆಯಲಾಗದು. ಹಸಿ ಕತ್ತಾಳೆಯ ರಸವಂತೂ ಚರ್ಮಕ್ಕೆ ತಗುಲಿದರೆ ಸಾಕು, ಅದರಲ್ಲಿನ ಸೂಜಿಯಂತಹ ಹರಳುಗಳಿಂದ ಉರಿ ತುರಿಕೆ ಏಳುತ್ತದೆ. ಮನೆಯಲ್ಲಿ ಮಾಡುವುದೆಂದರೆ ಇಲ್ಲಿ ಬೆರೆಸುವುದೆಂದಷ್ಟೇ ಅರ್ಥ.

ಬೆರೆಸುವ ವಿದ್ಯೆಗೆ ಬಂದರೆ, ಕತ್ತಾಳೆಯ ಮದ್ಯದಿಂದ ಮಾಡುವ ಮಿಶ್ರಪಾನೀಯಗಳಲ್ಲಿ ಹೆಸರಾದದ್ದು ಮಾರ್ಗರಿಟಾ. ಹುಟ್ಟಿಸಿದವರು ತಾವೇ ಎಂದು ಹೇಳಿಕೊಂಡವರು ಹತ್ತಾರು ಮಂದಿ. ಆ ಜಗಳ ನಮಗೆ ಬೇಡ. ಆ ಹೆಸರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಡೇಸಿ ಹೂವೆಂದು ಅರ್ಥ, ಮತ್ತು ಅಮೆರಿಕದಲ್ಲಿ ಡೇಸಿ ಎಂಬ ಹೆಸರಿನ ಹುಳಿಪಾನೀಯ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇತ್ತು ಎನ್ನುವುದನ್ನು ಗಮನಿಸಿದರೆ, ವಂಶಾವಳಿ ಅರ್ಧ ತಿಳಿದಂತೆಯೇ. ಇನ್ನರ್ಧ ನಮ್ಮ ಕಡಲಿಗೆ ಬಂದು ಮುಟ್ಟುತ್ತದೆ. ಯೂರೋಪಿನ ಹುಳಿಸಿಹಿ ಮಿಶ್ರಪಾನೀಯಗಳಿಗೆಲ್ಲ ಹಿರಿಯಜ್ಜನಾದ ‘ಪಂಚ್’ ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಾವಿಕರೂ ವರ್ತಕರೂ ಹಿಂದೂಸ್ಥಾನದಲ್ಲಿ ಕಲಿತ ಪಾನೀಯ. ಮದ್ಯ, ನೀರು, ನಿಂಬೆ, ಸಕ್ಕರೆ, ಸಾಂಬಾರ ಎಂಬ ಐದರಿಂದಾದದ್ದರಿಂದ ಅದು ‘ಪಂಚ’ ಎನಿಸಿತೆಂದು ಬಹುಮಂದಿ ಹೇಳುತ್ತಾರೆ; ಪೀಪಾಯಿಯ ಹೆಸರಿನಿಂದ ಬಂತೆನ್ನುವ ಪಂಡಿತರೂ ಇದ್ದಾರೆ. ಶಬ್ದ ಎಲ್ಲಿಯದಾದರೂ ಇರಲಿ, ಪಾನೀಯ ಈ ದೇಶದ್ದು. ಅದಕ್ಕೆ ಹಾಕುತ್ತಿದ್ದ ಮದ್ಯಗಳಲ್ಲಿ ಪ್ರಸಿದ್ಧವಾದದ್ದು ತೆಂಗಿನ ಕಳ್ಳಿನಿಂದ ಇಳಿಸಿದ ಗೋವೆಯ ಸಾರಾಯಿ. ಆದ್ದರಿಂದ ಉಡುಪಿಯ ಗೃಹಸ್ಥನೊಬ್ಬ ಮಾರ್ಗರಿಟಾವನ್ನು ತನ್ನ ಊರಿನ ಹುಳಿಯಿಂದ ಬದಲಾಯಿಸಿಕೊಂಡರೆ ಪರರ ವಸ್ತುವನ್ನು ಕೆಡಿಸಿದಂತಾಗುವುದಿಲ್ಲ. ಸಾಲಕೊಟ್ಟದ್ದನ್ನು ಬಡ್ಡಿಸಹಿತ ಮರಳಿ ಪಡೆದಂತೆ.

ಅಂತರರಾಷ್ಟ್ರೀಯ ಬಾರ್ಟೆಂಡರುಗಳ ಸಂಘದವರು ಗೊತ್ತುಮಾಡಿದ ಅಳತೆಯಲ್ಲಿ ಟಕೀಲಾ 50 ಮಿಲಿಲೀಟರು, ಕಿತ್ತಳೆಯ ಸಿಪ್ಪೆಯಿಂದಾದ ಸಿಹಿಮದ್ಯ 20, ನಿಂಬೆರಸ 15. ಈ ಎರಡನೆಯದೇ ತೊಡಕು. ಅದು ದುಬಾರಿ, ಸಿಹಿಯ ಸೋಗಿನಲ್ಲಿ ಬರುವ ಮತ್ತೊಂದು ಮದ್ಯ, ನೂರಕ್ಕೆ ಸುಮಾರು 40 ಪಾಲು ಮದ್ಯಸಾರ ಅದರಲ್ಲಿಯೂ ಇರುತ್ತದೆ. ಸಾನ್ ಫ್ರಾನ್ಸಿಸ್ಕೋ ನಗರದ ಟಾಮೀಸ್ ಎಂಬ ಮೆಕ್ಸಿಕನ್ ಹೋಟೆಲಿನಲ್ಲಿ ಹೂಲಿಯೋ ಬರ್ಮೆಹೋ ಎಂಬವರು ಆ ಕಿತ್ತಳೆ ಮದ್ಯವನ್ನು ಕಿತ್ತೊಗೆದು ಅದರ ಸ್ಥಾನಕ್ಕೆ ಕತ್ತಾಳೆಯದೇ ಪಾಕವನ್ನು ತಂದರು. ಇಂದು ಅದೂ ಶಾಸ್ತ್ರಸಮ್ಮತ. ಅಲ್ಲಿ ಕತ್ತಾಳೆಯ ಪಾಕ ಸಲ್ಲುವುದಾದರೆ ಇಲ್ಲಿ ಬೆಲ್ಲದ ಪಾಕ ಏಕೆ ಸಲ್ಲಬಾರದು?

ಬೆಲ್ಲವೆಂದೊಡನೆ ಉಡುಪಿಯವರಿಗೆ ನೆನಪಾಗುವುದು ಪಾನಕ. ರಾಮನವಮಿಯ ದಿನ ಬೆಲ್ಲ, ನಿಂಬೆ, ಶುಂಠಿ, ಕರಿಮೆಣಸು, ಏಲಕ್ಕಿಗಳನ್ನು ನೀರಿಗೆ ಹಾಕಿ ಕದಡುವ ಕೈಗೆ ಪಂಚ್ ಎಂಬುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹುಳಿ ಹೆಚ್ಚಾದರೆ ಬೆಲ್ಲ, ಬೆಲ್ಲ ಮುಂದಾದರೆ ಚಿಟಿಕೆ ಉಪ್ಪು, ಎರಡೂ ಸಪ್ಪೆಯಾದರೆ ಖಾರದ ಸೋಂಕು ಎಂಬ ಜ್ಞಾನ ನಮ್ಮ ಅಡಿಗೆಮನೆಗಳಲ್ಲಿ ಅಳತೆಯ ಬಟ್ಟಲಿಲ್ಲದೆಯೇ ನಡೆದುಬಂದಿದೆ. ಮಣಿಪಾಲದಲ್ಲಿ 1986ರಲ್ಲಿ ಆರಂಭವಾದ ಹೋಟೆಲ್ ಆಡಳಿತದ ವಿದ್ಯಾಲಯದಲ್ಲಿ ಹುಡುಗ ಹುಡುಗಿಯರು ದೇಶದೇಶಗಳ ಆಹಾರ ಪಾನೀಯಗಳ ಶಾಸ್ತ್ರವನ್ನು ಓದುತ್ತಾರೆ. ಆದರೆ ಹುಳಿಸಿಹಿಗಳ ಸಮತೂಕದ ಮೊದಲ ಪಾಠವನ್ನು ಆ ಗುಡ್ಡದ ಕೆಳಗಿನ ಯಾವ ಅಜ್ಜಿಯಾದರೂ ಹೇಳಿಕೊಟ್ಟಾಳು.

ಈ ಸೀಮೆಯ ಹುಳಿಗಳಲ್ಲಿ ಅರಸು ಪುನರ್ಪುಳಿ. ಮಲೆನಾಡಿನವರು ಮುರುಗಲ ಎನ್ನುವುದೂ ಇದನ್ನೇ. ಏಪ್ರಿಲ್ ಮೇ ತಿಂಗಳುಗಳಲ್ಲಿ ಹಣ್ಣು ಕೆಂಪಿಗೂ ನೇರಳೆಗೂ ನಡುವಿನ ಬಣ್ಣಕ್ಕೆ ತಿರುಗುತ್ತದೆ. ಮಳೆ ಹಿಡಿಯುವ ಮುಂಚೆ ಸಿಪ್ಪೆಯನ್ನು ಬಿಡಿಸಿ, ಹಣ್ಣಿನದೇ ರಸದಲ್ಲಿ ಅದ್ದಿ ಅದ್ದಿ ಬಿಸಿಲಿಗೆ ಒಣಗಿಸಿಟ್ಟರೆ ವರ್ಷವೆಲ್ಲ ಬಾಳುತ್ತದೆ. ಬೀಜದಿಂದ ತೆಗೆದ ತುಪ್ಪ ಒಡೆದ ಹಿಮ್ಮಡಿಗೆ ಮದ್ದು. ಕತ್ತಾಳೆಯ ಮದ್ಯಕ್ಕೆ ಪುನರ್ಪುಳಿ ಏಕೆ ಒಪ್ಪುತ್ತದೆಂದರೆ, ನಿಂಬೆಯ ಹುಳಿ ನಾಲಗೆಯ ತುದಿಯಲ್ಲಿ ಚುಚ್ಚಿ ಮಾಯವಾಗುವಂಥದು, ಪುನರ್ಪುಳಿಯದು ನಿಧಾನವಾಗಿ ಬಂದು ಒಗರನ್ನು ಬಿಟ್ಟು ಹೋಗುವಂಥದು. ಬೆಂದ ಗೆಡ್ಡೆಯ ವಾಸನೆ, ಹಸಿರೆಲೆಯ ಕಟುತನ, ಕರಿಮೆಣಸಿನ ಛಾಯೆ ಈ ಮದ್ಯದಲ್ಲಿ ಸಹಜ. ಆ ಒಗರು ಇವನ್ನು ಒಂದು ಕಟ್ಟಿಗೆ ತರುತ್ತದೆ. ನಿಂಬೆಯನ್ನು ಪೂರ್ತಿ ಬಿಡುವುದೂ ಸರಿಯಲ್ಲ. ಅದಿಲ್ಲದಿದ್ದರೆ ಪಾನೀಯ ಮಂಕಾಗಿ ಸಾರಿನಂತೆ ತೋರುತ್ತದೆ.

ವಿಧಾನ ಹೀಗೆ. ಒಣ ಸಿಪ್ಪೆ ಹತ್ತು ಹನ್ನೆರಡನ್ನು ತಣ್ಣೀರಿನಲ್ಲಿ ಬೇಗನೆ ತೊಳೆಯಬೇಕು. ಅಂಗಡಿಯ ಸಿಪ್ಪೆಗೆ ಉಪ್ಪು ಸವರಿರುವುದುಂಟು. ಆಮೇಲೆ 150 ಮಿಲಿಲೀಟರು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಯಿಟ್ಟು, ಕೈಯಿಂದ ಕಿವುಚಿ, ತೆಳುಬಟ್ಟೆಯಲ್ಲಿ ಸೋಸಬೇಕು. ಪಾತ್ರೆ ಗಾಜಿನದೋ ಪಿಂಗಾಣಿಯದೋ ಆಗಿರಲಿ, ಅಲ್ಯೂಮಿನಿಯಂ ಬೇಡ. ಇನ್ನೊಂದು ಕಡೆ 100 ಗ್ರಾಂ ಬೆಲ್ಲವನ್ನು 100 ಮಿಲಿಲೀಟರು ನೀರಿನಲ್ಲಿ ಕರಗಿಸಿ, ಒಂದು ಕುದಿ ಬರಿಸಿ, ಸೋಸಿ ಆರಿಸಬೇಕು. ಎಳೆಪಾಕಕ್ಕೆ ಹೋಗಬಾರದು. ಬೆಲ್ಲ ಪುನರ್ಪುಳಿಯ ಮಾಣಿಕ್ಯದಂತಹ ಕೆಂಪನ್ನು ಸ್ವಲ್ಪ ಮಸುಕುಗೊಳಿಸುವುದು ನಿಜ. ಅತಿಥಿಗಳ ಕಣ್ಣಿಗೆ ಹಬ್ಬವಾಗಲೇಬೇಕೆನ್ನುವವರು ಸಕ್ಕರೆಯ ಪಾಕ ಮಾಡಿಕೊಳ್ಳಲಿ. ರುಚಿಯಲ್ಲಿ ಬೆಲ್ಲಕ್ಕೇ ಗೆಲುವು.

ಒಂದು ಲೋಟಕ್ಕೆ ಕತ್ತಾಳೆಯ ಮದ್ಯ 45 ಮಿಲಿಲೀಟರು, ಪುನರ್ಪುಳಿಯ ರಸ 30, ನಿಂಬೆರಸ 10, ಬೆಲ್ಲದ ಪಾಕ 20. ಅಳೆಯಲು ಪೇಟೆಯ ಸಲಕರಣೆ ಬೇಕಿಲ್ಲ. ಕೆಮ್ಮಿನ ಔಷಧಿಯ ಜೊತೆ ಬರುವ ಗೆರೆಯಿರುವ ಪುಟ್ಟ ಬಟ್ಟಲು ಸಾಕು. ಆದರೆ ಅಳೆಯಲೇಬೇಕು. ಕಣ್ಣಳತೆಯ ಅಡಿಗೆ ಕೆಟ್ಟರೆ ಊಟವೊಂದು ಕೆಡುತ್ತದೆ, ಕಣ್ಣಳತೆಯ ಮದ್ಯ ಕೆಟ್ಟರೆ ಸಂಜೆಯೇ ಕೆಡುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇವನ್ನೆಲ್ಲ ಹೊಯ್ದು, ಆರೇಳು ತುಂಡು ಮಂಜುಗಡ್ಡೆ ಹಾಕಿ, ಡಬ್ಬಿಯ ಹೊರಮೈ ಬೆವರಿ ಕೈ ಕೊರೆಯುವ ತನಕ, ಎಂದರೆ ಹನ್ನೆರಡರಿಂದ ಹದಿನೈದು ಸೆಕೆಂಡು, ಜೋರಾಗಿ ಅಲುಗಿಸಬೇಕು. ಅಲುಗಿಸುವುದು ತಂಪಿಗಾಗಿ ಮಾತ್ರವಲ್ಲ; ಕರಗಿದ ಮಂಜು ನೀರಾಗಿ ಸೇರುವುದೂ ಪಾಕವಿಧಾನದ ಅಂಗವೇ. ಆ ನೀರಿಲ್ಲದಿದ್ದರೆ ಪಾನೀಯ ಗಂಟಲನ್ನು ಕೆರೆಯುತ್ತದೆ. ಮುಚ್ಚಳದ ಸಂದಿನಿಂದ ಸೋಸಿ ತಣ್ಣಗಿನ ಲೋಟಕ್ಕೆ ಹೊಯ್ದರೆ ಕೆಲಸವಾಯಿತು.

ಖಾರ ಬೇಕೆನ್ನುವವರು ಗಾಂಧಾರಿ ಮೆಣಸನ್ನು ಹಾಕುವುದುಂಟು. ಒಂದು ಎಚ್ಚರಿಕೆ: ಮೆಣಸಿನ ಖಾರ ನೀರಿನಲ್ಲಿ ಬಿಡುವುದಕ್ಕಿಂತ ಎಷ್ಟೋ ಹೆಚ್ಚಾಗಿ ಮದ್ಯಸಾರದಲ್ಲಿ ಬಿಡುತ್ತದೆ. ಸಾರಿಗೆ ನಾಲ್ಕು ಹಾಕುವ ಕೈ ಇಲ್ಲಿ ಅರ್ಧ ಮೆಣಸನ್ನು ಜಜ್ಜಿ, ಒಂದು ನಿಮಿಷವಿಟ್ಟು, ಹೊರಗೆ ತೆಗೆಯಬೇಕು.

ಲೋಟದ ಅಂಚಿನ ಉಪ್ಪನ್ನು ಬರಿಯ ಅಲಂಕಾರವೆಂದು ತಿಳಿಯುವವರಿದ್ದಾರೆ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಅದರಿಂದ ಸಿಹಿಯೂ ಹುಳಿಯೂ ತಾವಾಗಿ ಮುಂದೆ ಬರುತ್ತವೆ; ಅದಕ್ಕಾಗಿಯೇ ಅದು ಅಲ್ಲಿರುವುದು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಹರಳುಪ್ಪು ದೊರೆತರೆ ಬೇರೆಯದು ಬೇಡ. ಅರೆಬರೆ ಕುಟ್ಟಿ ತಟ್ಟೆಗೆ ಹರಡಿ, ನಿಂಬೆಯ ಹೋಳಿನಿಂದ ಅಂಚಿನ ಅರ್ಧಭಾಗವನ್ನು ಮಾತ್ರ ಒದ್ದೆಮಾಡಿ ಉಪ್ಪಿಗೆ ಒತ್ತಬೇಕು. ಕುಡಿಯುವವರು ತಮಗೆ ಬೇಕಾದ ಕಡೆಯಿಂದ ಕುಡಿಯಲಿ. ರಕ್ತದ ಒತ್ತಡವುಳ್ಳವರಿಗೆ ಉಪ್ಪಿಲ್ಲದ ಅರ್ಧವೂ ಬೇಡ, ಮದ್ಯವಿಲ್ಲದ ಲೋಟವೇ ಇರಲಿ.

ಆ ಮದ್ಯವಿಲ್ಲದ ಲೋಟದ ವಿಷಯದಲ್ಲಿಯೇ ಆತಿಥ್ಯದ ನಿಜವಾದ ಪರೀಕ್ಷೆ. ಈ ಸೀಮೆಯಲ್ಲಿ ಮದ್ಯವನ್ನು ಮುಟ್ಟದವರು ಮಡಿವಂತಿಕೆಯಿಂದ ಮಾತ್ರ ಹಾಗಿರುವವರಲ್ಲ. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಸುಮಾರು 42 ಅಡಿಯ ಗೋಮಟೇಶ್ವರನಿದ್ದಾನೆ. ಆ ಸ್ವಾಮಿಯ ಅನುಯಾಯಿಗಳಾದ ಜೈನಗೃಹಸ್ಥರಿಗೆ ಮದ್ಯ, ಮಾಂಸ, ಮಧು ಮೂರೂ ವರ್ಜ್ಯ. ಮಧುವೆಂದರೆ ಜೇನುತುಪ್ಪ, ಆದ್ದರಿಂದ ಕಾರ್ಕಳದ ಮಿತ್ರರು ಊಟಕ್ಕೆ ಬರುವ ದಿನ, ಪಾನೀಯದಲ್ಲಿ ಬೆಲ್ಲಕ್ಕೆ ಬದಲು ಜೇನು ಸುರಿದು ಇದು ಆರೋಗ್ಯಕರವೆಂದು ಬಡಿಸುವ ಹೊಸಬರ ಚಾತುರ್ಯ ಅನಾಹುತವೇ ಸರಿ. ತೆಂಗು ತಾಳೆಗಳನ್ನೇರಿ ಕಳ್ಳಿಳಿಸುವುದು ಕುಲಕಸುಬಾಗಿದ್ದ ಬಿಲ್ಲವರ ನಡುವೆ, 1912ರಲ್ಲಿ ಮಂಗಳೂರಿನ ಕುದ್ರೋಳಿ ದೇವಾಲಯವನ್ನು ಪ್ರತಿಷ್ಠಾಪಿಸಿದ ನಾರಾಯಣಗುರುಗಳು, ಮದ್ಯವನ್ನು ತಯಾರಿಸುವುದನ್ನೂ ಮಾರುವುದನ್ನೂ ಕುಡಿಯುವುದನ್ನೂ ಬಿಡಿರೆಂದು ಬೋಧಿಸಿದರು. ಹೊಟ್ಟೆಯ ಅನ್ನವನ್ನೇ ಪಣಕ್ಕಿಟ್ಟು ಆ ಮಾತನ್ನು ಪಾಲಿಸಿದ ಮನೆತನಗಳಿವೆ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1948ರ ವೇಳೆಗೆ, ಪಾನನಿರೋಧ ಪ್ರಾಂತ್ಯದಲ್ಲೆಲ್ಲ ಜಾರಿಗೆ ಬಂದಿತ್ತು. ಇತ್ತೀಚಿನ ಮಾತೆಂದರೆ, 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತುಹೋಯಿತು. ಗಂಡನ ಕೂಲಿಯೆಲ್ಲ ಸಾರಾಯಿ ಅಂಗಡಿಗೆ ಹೋಗುವುದನ್ನು ಕಂಡು ಬೆಂದಿದ್ದ ಹೆಂಗಸರು ಅದನ್ನು ಸಂತೋಷದಿಂದಲೇ ಬರಮಾಡಿಕೊಂಡರು. ಸಾವಿರಾರು ರೂಪಾಯಿಯ ಶೀಸೆಯನ್ನು ಮೇಜಿನ ಮೇಲಿಟ್ಟು ನಾಗರಿಕತೆಯೆನ್ನುವಾತ, ಕೂಲಿಯವನ ಲೋಟವನ್ನು ದುರ್ವ್ಯಸನವೆಂದು ಜರೆಯುವಾಗ ಒಂದು ಕ್ಷಣ ತಡೆದು ಯೋಚಿಸುವುದು ಒಳ್ಳೆಯದು.

ಆದುದರಿಂದ, ಮುಟ್ಟದವರ ಲೋಟ ಮೊದಲು ತಯಾರಾಗಬೇಕು. ಅದು ಮಕ್ಕಳಿಗೆ ಕೊಡುವ ಸಮಾಧಾನದ ಶರಬತ್ತಿನಂತಿರಕೂಡದು. ಪುನರ್ಪುಳಿಯ ರಸ 60 ಮಿಲಿಲೀಟರು, ನಿಂಬೆರಸ 10, ಬೆಲ್ಲದ ಪಾಕ 25, ತಣ್ಣೀರು 90, ಹುರಿದು ಪುಡಿಮಾಡಿದ ಜೀರಿಗೆ ಚಿಟಿಕೆ, ಜಜ್ಜಿದ ಶುಂಠಿಯ ಒಂದು ಚೂರು. ಮದ್ಯ ಮುಟ್ಟದ ಬೇರೆ ಡಬ್ಬಿಯಲ್ಲಿ ಅಲುಗಿಸಿ, ಅದೇ ಬಗೆಯ ಲೋಟಕ್ಕೆ, ಅದೇ ಉಪ್ಪಿನಂಚಿನೊಡನೆ ಹೊಯ್ಯಬೇಕು. ಮುಟ್ಟದವರು ಯಾರೆಂದು ಮೇಜಿನ ಸುತ್ತ ಹುಡುಕುವಂತಾಗಬಾರದು. ಬಣ್ಣ ಒಂದೇ ಆದುದರಿಂದ ಎರಡು ಬಗೆಯ ಲೋಟಗಳನ್ನು ಎರಡು ತಟ್ಟೆಗಳಲ್ಲಿ ತರತಕ್ಕದ್ದು. ಒಂದೇ ತಟ್ಟೆಯಲ್ಲಿಟ್ಟು ಗುರುತು ತಪ್ಪಿಸುವ ಸಾಹಸ ಬೇಡ. ಕೆಂಪು ಶರಬತ್ತೆಂದು ಮಕ್ಕಳ ಕೈ ಹೋಗುವ ಎಡೆಯಲ್ಲಂತೂ ಇಡಲೇಬಾರದು.

ಎಷ್ಟು ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. ಮೇಲಿನ ಅಳತೆಯ ಒಂದು ಲೋಟದಲ್ಲಿ ಶುದ್ಧ ಮದ್ಯಸಾರ ಸುಮಾರು 14 ಗ್ರಾಂ; ಕಿತ್ತಳೆಯ ಮದ್ಯ ಸೇರಿದ ವಿಲಾಯತಿ ಅಳತೆಯಲ್ಲಾದರೆ 22 ಗ್ರಾಂ. ಸಾಮಾನ್ಯ ದೇಹ ಒಂದು ಗಂಟೆಯಲ್ಲಿ ಕರಗಿಸಬಲ್ಲದ್ದು ಏಳರಿಂದ ಹತ್ತು ಗ್ರಾಂ. ಎಂದರೆ ಒಂದು ಲೋಟಕ್ಕೆ ಎರಡು ಗಂಟೆಯ ಹರಟೆ ಬೇಕು, ಊಟವೂ ಬೇಕು. ಇಷ್ಟೇ ಕುಡಿದರೆ ಹಾನಿಯಿಲ್ಲವೆಂದು ಹೇಳುವ ಯಾವ ಮಿತಿಯೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಗರ್ಭಿಣಿಯರೂ ಔಷಧಿ ಸೇವಿಸುತ್ತಿರುವವರೂ ಇದರ ಗೊಡವೆಗೆ ಹೋಗತಕ್ಕದ್ದಲ್ಲ. ವಾಹನ ನಡೆಸುವವನ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರಕ್ಕಿಂತ ಹೆಚ್ಚಿದ್ದರೆ ಕಾನೂನು ಹಿಡಿಯುತ್ತದೆ. ಮಣಿಪಾಲದಲ್ಲಿ ಕುಡಿದು, ಸೂರ್ಯಾಸ್ತವನ್ನು ನೋಡೋಣವೆಂದು ಹೆದ್ದಾರಿ ಹಿಡಿದು ಕಾಪುವಿಗೆ ಕಾರು ಬಿಡುವ ತರುಣರ ಉತ್ಸಾಹಕ್ಕೆ ಮನೆಯವರೇ ಅಡ್ಡ ನಿಲ್ಲಬೇಕು. 1901ರಿಂದ ಕಾಪುವಿನ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ ನಾಳೆಯೂ ಅಲ್ಲಿಯೇ ಇರುತ್ತದೆ. ಅಲ್ಲಿನ ಕಡಲಗಾಳಿಗೆ ಜೊತೆಯಾಗಿ ಬೇಕಾದರೆ ಜೀರಿಗೆಯ ಲೋಟವನ್ನು ಥರ್ಮಾಸ್ ಫ್ಲಾಸ್ಕಿನಲ್ಲಿ ಒಯ್ಯಬಹುದು.

ಉಳಿದ ಬೆಲ್ಲದ ಪಾಕ ಶೀತಪೆಟ್ಟಿಗೆಯಲ್ಲಿ ಒಂದು ವಾರ ಕೆಡದು. ಸೋಸಿದ ರಸವನ್ನು ಎರಡು ದಿನದೊಳಗೆ ಮುಗಿಸಬೇಕು. ಕಿವುಚಿ ಉಳಿದ ಸಿಪ್ಪೆಯನ್ನು ಎಸೆಯುವುದು ಈ ಜಿಲ್ಲೆಯ ಗೃಹಿಣಿಯರಿಗೆ ಒಪ್ಪುವ ಮಾತಲ್ಲ. ಅದರಲ್ಲಿ ಇನ್ನೂ ಒಂದು ಸಾರಿಗಾಗುವಷ್ಟು ಹುಳಿ ಇರುತ್ತದೆ. ಮರುದಿನ ಮೂರು ಲೋಟ ನೀರಿಗೆ ಹಾಕಿ ಕುದಿಸಿ, ಉಪ್ಪು ಬೆಲ್ಲ ಸೇರಿಸಿ, ಹಸಿಮೆಣಸು ಸೀಳಿ ಹಾಕಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟರೆ ಬಿಸಿಯನ್ನಕ್ಕೆ ಬೇರೆ ಮೇಲೋಗರ ಕೇಳುವವರಿಲ್ಲ.